ಅಗ್ನಿಸ್ಪರ್ಶವಿಲ್ಲದ ಆಹಾರವೂ ದೇಹಪೋಷಣೆಯೂ
(ಶ್ರೀಮಠದ ಮಹೋತ್ಸವದ ಅಂಗವಾಗಿ ಕೊಪ್ಪದಲ್ಲಿ ಮಾಡಿದ ಉಪನ್ಯಾಸ)



ಕೆಲವು ವರ್ಷಗಳಿಂದೀಚೆಗೆ ನಮ್ಮ ಭಕ್ತವರ್ಗದಲ್ಲಿ ಒಂದು ಹೊಸ ವ್ರತವು ಕಾಣಿಸಿಕೊಂಡಿದೆ. ಒಲೆಯ ಮೇಲಿಡದ ಪದಾರ್ಥಗಳನ್ನು ಮಾತ್ರವೇ ಸೇವಿಸುವುದು. ಹಾಲು, ಮೊಸರು, ತುಪ್ಪಗಳನ್ನೂ ತ್ಯಜಿಸುವುದು. ಕೆಲವರು ಪ್ರಕೃತಿ ಚಿಕಿತ್ಸಾಲಯಗಳಿಗೆ ಹೋಗಿ ಬಂದು ಮಧುಮೇಹದ ಭಯದಿಂದ ಇದನ್ನು ಕೈಕೊಂಡಿದ್ದಾರೆ. ಕೆಲವರು ಕರುವಿನ ಪಾಲಿನ ಹಾಲನ್ನು ನಾವು ಕಸಿಯಬಾರದೆಂಬ ಕರುಣೆಯಿಂದ. ಈ ಎರಡು ಕಾರಣಗಳನ್ನೂ ನಾನು ಹಗುರವಾಗಿ ಎಣಿಸುವವನಲ್ಲ. ಆದರೆ ವ್ರತವನ್ನು ಹಿಡಿದ ಒಂದೆರಡು ತಿಂಗಳೊಳಗಾಗಿ ಅವರ ಮನೆಯವರು ಬಂದು ಎರಡೇ ಪ್ರಶ್ನೆಗಳನ್ನು ಕೇಳುತ್ತಾರೆ. ದೇಹಕ್ಕೆ ಬೇಕಾದ ಸಸಾರಜನಕವು, ಅಂದರೆ ಈಗ ಎಲ್ಲರ ಬಾಯಲ್ಲಿಯೂ ಇರುವ ಪ್ರೋಟೀನು, ಎಲ್ಲಿಂದ ಬರಬೇಕು? ಮೈ ಇಳಿಯುತ್ತಲೇ ಇದೆಯಲ್ಲ, ಇದು ಶುಭವೋ ಅಶುಭವೋ?

ಮೊದಲು ಮತದ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ನಮ್ಮ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಇಷ್ಟಲಿಂಗಕ್ಕೆ ಅರ್ಪಿತವಾದ ಪದಾರ್ಥವು ಪ್ರಸಾದವಾಗುತ್ತದೆ. ಅದು ಬೆಂದುದೋ ಹಸಿಯದೋ ಎಂಬುದು ಅಲ್ಲಿ ಮುಖ್ಯವಲ್ಲ. ಅಕ್ಕಮಹಾದೇವಿಯವರು ಕದಳಿಯ ಹಾದಿಯಲ್ಲಿ ಗಿಡಮರಗಳು ಕೊಟ್ಟುದನ್ನು ಸ್ವೀಕರಿಸಿದರೆಂದು ಪರಂಪರೆಯು ಹೇಳುತ್ತದೆ, ನಿಜ. ಆದರೆ ನಮ್ಮಲ್ಲಿ ಬಹುಮಂದಿ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಸೀಮೆಯ ಒಕ್ಕಲುಗಳು. ಹೊಗೆಸೊಪ್ಪನ್ನು ಬೇಯಿಸುವ ದಿನಗಳಲ್ಲಿ ಹಗಲಿರುಳು ಬ್ಯಾರನ್ನಿನ ಬೆಂಕಿಯ ಮುಂದೆ ಕಾಯುವವರು, ನಾಟಿಯ ದಿನಗಳಲ್ಲಿ ಕೆಸರುಗದ್ದೆಯಲ್ಲಿ ಬಗ್ಗಿ ನಿಲ್ಲುವವರು. ಕಾಯಕ ಮಾಡುವ ಈ ದೇಹಗಳ ಲೆಕ್ಕವೇ ಬೇರೆ.

ಈ ವಿಷಯದಲ್ಲಿ ದೊಡ್ಡವರೊಬ್ಬರ ಅನುಭವವು ನಮ್ಮ ಮುಂದಿದೆ. ಮಹಾತ್ಮ ಗಾಂಧಿಯವರು ಬೇಯಿಸದ ಆಹಾರದ ಪ್ರಯೋಗವನ್ನು ಎರಡು ಸಲ ಮಾಡಿದರು. ಮೊದಲನೆಯದು 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ. ನಿಶ್ಶಕ್ತಿಯುಂಟಾಗಿ ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟರು. ಎರಡನೆಯದು 1929ರಲ್ಲಿ. ಆಂಧ್ರ ಪ್ರವಾಸದಲ್ಲಿದ್ದಾಗ ಆರಂಭಿಸಿದ ಈ ಪ್ರಯೋಗವನ್ನು ಅವರು ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬರೆದು ಪ್ರಕಟಿಸಿದರು. ಆಶ್ರಮವಾಸಿಗಳು ಅನೇಕರು ಅವರೊಡನೆ ಸೇರಿಕೊಂಡರು. ಆಗ ಅವರು ಬರೆದ ದಿನವೊಂದರ ಪ್ರಮಾಣವು ಹೀಗಿತ್ತು: ಮೊಳಕೆಯೊಡೆದ ಗೋಧಿ 8 ತೊಲ, ಅರೆದ ಬಾದಾಮಿ 8 ತೊಲ, ಕುಟ್ಟಿದ ಸೊಪ್ಪು 8 ತೊಲ, ನಿಂಬೆಹಣ್ಣು 6, ಜೇನು 2 ಔನ್ಸು. ಮೈತೂಕವು ಇಳಿಯಿತು, ನಿತ್ರಾಣವಾಯಿತು; ಕೊನೆಗೆ ಆಮಶಂಕೆಯುಂಟಾಗಿ ಅದೇ ವರ್ಷ ಪ್ರಯೋಗವನ್ನು ನಿಲ್ಲಿಸಿ ಮತ್ತೆ ಆಡಿನ ಹಾಲಿಗೆ ಮರಳಿದರು. ಸೋಲನ್ನೂ ಅವರು ಪತ್ರಿಕೆಯಲ್ಲಿಯೇ ಪ್ರಕಟಿಸಿದುದು ಅವರ ಸತ್ಯನಿಷ್ಠೆಗೆ ಒಪ್ಪುವಂಥದು. ಇಂದು ಅಂತಹ ಪ್ರಯೋಗಗಳನ್ನು ಸಾರುವವರಲ್ಲಿ ಎಷ್ಟು ಮಂದಿ ಸೋತ ದಿನವನ್ನೂ ಬರೆಯುತ್ತಾರೆ?

ಈಗ ಆ ಪ್ರಮಾಣವನ್ನು ನಾನು ಲೆಕ್ಕಹಾಕಿ ನೋಡಿದ್ದೇನೆ. ಒಂದು ತೊಲವೆಂದರೆ ಸುಮಾರು 11.66 ಗ್ರಾಂ, 8 ತೊಲಕ್ಕೆ 93 ಗ್ರಾಂ. ಬಾದಾಮಿಯಿಂದ ಹತ್ತೊಂಬತ್ತು ಇಪ್ಪತ್ತು ಗ್ರಾಂ ಸಸಾರಜನಕವೂ, ಗೋಧಿ ಮತ್ತು ಸೊಪ್ಪುಗಳಿಂದ ಮತ್ತೆ ಹತ್ತು ಗ್ರಾಂನಷ್ಟೂ, ಅಂತು ಮೂವತ್ತರ ಆಸುಪಾಸು ಬರುತ್ತದೆ. ಅವರಂತಹ ಕೃಶಶರೀರಕ್ಕೆ ಇದು ಅಂಚಿನ ಪ್ರಮಾಣ, ತೀರ ಶೂನ್ಯವಲ್ಲ. ಆದರೆ ಶಾಖಶಕ್ತಿಯನ್ನು ಅಳೆಯುವ ಕ್ಯಾಲೊರಿಯ ಲೆಕ್ಕದಲ್ಲಿ ಈ ಊಟವೆಲ್ಲವೂ ಸೇರಿ ಸಾವಿರದ ಆಸುಪಾಸಿಗೆ ನಿಲ್ಲುತ್ತದೆ. ಮುಖ್ಯವಾದ ಕೊರತೆಯು ಅಲ್ಲಿಯೇ ಇದ್ದಿತು. ಶಾಖಕ್ಕೆ ಬೇಕಾದ ಸೌದೆಯು ಸಾಲದಾದಾಗ ದೇಹವು ಮನೆಯ ತೊಲೆಯನ್ನೇ ಮುರಿದು ಉರಿಸುತ್ತದೆ. ತಿಂದ ಸಸಾರಜನಕವೂ ಸೌದೆಯಾಗಿಬಿಡುತ್ತದೆ, ಸಾಲದುದಕ್ಕೆ ಸ್ನಾಯುಗಳೂ ಕರಗುತ್ತವೆ. ಆದುದರಿಂದ ಪ್ರಶ್ನೆ ಎರಡಾಗಿ ಕಂಡರೂ ಮೂಲದಲ್ಲಿ ಒಂದೇ. ಹೊಟ್ಟೆತುಂಬ ಅನ್ನಶಕ್ತಿ ದೊರೆಯದವನಿಗೆ ಪ್ರೋಟೀನಿನ ಲೆಕ್ಕವು ಎಂದಿಗೂ ಕೂಡಿಬರಲಾರದು.

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಪರವಾಗಿ 2020ರಲ್ಲಿ ಪ್ರಕಟಿಸಿದ ಪ್ರಮಾಣಗಳ ಪ್ರಕಾರ, ಮೈತೂಕದ ಪ್ರತಿ ಕಿಲೋವಿಗೂ ದಿನಕ್ಕೆ 0.83 ಗ್ರಾಂ ಉತ್ತಮ ಸಸಾರಜನಕವು ಸಾಕು. 65 ಕಿಲೋ ತೂಕದ ಪುರುಷನಿಗೆ 54 ಗ್ರಾಂ, 55 ಕಿಲೋ ತೂಕದ ಸ್ತ್ರೀಗೆ ಸುಮಾರು 46 ಗ್ರಾಂ. ಕೇವಲ ಸಸ್ಯಮೂಲದ್ದಾದರೆ ಪಚನವು ಸ್ವಲ್ಪ ಕಡಿಮೆಯಾದ ಕಾರಣ ಕಿಲೋವಿಗೆ ಒಂದು ಗ್ರಾಂ ಎಂದಿಟ್ಟುಕೊಳ್ಳುವುದು ಕ್ಷೇಮ. ಶಾಖಶಕ್ತಿಯಾದರೋ ಕುಳಿತು ಕೆಲಸಮಾಡುವ ಪುರುಷನಿಗೆ 2110, ಸ್ತ್ರೀಗೆ 1660 ಕ್ಯಾಲೊರಿ. ಮೈಮುರಿದು ದುಡಿಯುವವರಿಗೆ ಕ್ರಮವಾಗಿ 3470 ಮತ್ತು 2720.

ಈಗ ನಮ್ಮವರು ವ್ರತದ ಮೊದಲ ವಾರದಲ್ಲಿ ತಿನ್ನುವುದೇನು? ಒಂದು ದೊಡ್ಡ ತಟ್ಟೆಯ ಪರಂಗಿಹಣ್ಣು, ಸೌತೆಕಾಯಿ, ಗಜ್ಜರಿ, ಒಂದು ಹಿಡಿ ಮೊಳಕೆಕಾಳು, ಒಂದು ಎಳನೀರು. ನೋಡುವುದಕ್ಕೆ ರಾಶಿ, ತೂಗಿದರೆ ಕಿಲೋವಿಗೂ ಮೇಲೆ. ಆದರೆ ಇದರಲ್ಲಿ ನೀರೇ ಬಹುಪಾಲು. ಕ್ಯಾಲೊರಿ ಐನೂರನ್ನು ಮುಟ್ಟುವುದು ಕಷ್ಟ, ಸಸಾರಜನಕವು ಹತ್ತು ಹನ್ನೆರಡು ಗ್ರಾಂ. ಹೊಟ್ಟೆ ತುಂಬಿತೆಂಬ ಭಾವನೆ ಬರುತ್ತದೆ, ದೇಹಕ್ಕೆ ಉಪವಾಸ. ಮೊಳಕೆಯ ವಿಷಯದಲ್ಲಿ ಒಂದು ಭ್ರಮೆಯನ್ನೂ ಬಿಡಿಸಬೇಕು. ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ 24 ಗ್ರಾಂ ಸಸಾರಜನಕವಿದೆ. ಅದು ನೆನೆದು ಮೊಳೆತು ಎರಡೂವರೆ ಮೂರು ಪಾಲಾದಾಗ ಹೆಚ್ಚಿದ್ದು ನೀರೇ ಹೊರತು ಸಸಾರಜನಕವಲ್ಲ. ಸಿ ಜೀವಸತ್ತ್ವವು ಹುಟ್ಟುತ್ತದೆ, ಪಚನವು ಕೊಂಚ ಸುಲಭವಾಗುತ್ತದೆ, ಅಷ್ಟೆ.

ಹೀಗೆಂದ ಮಾತ್ರಕ್ಕೆ ಹಸಿಯ ಆಹಾರದಿಂದ ಪೋಷಣೆಯು ಅಸಾಧ್ಯವೆಂದಲ್ಲ. 55 ಕಿಲೋ ತೂಕದ, ಮನೆಗೆಲಸ ಮಾತ್ರ ಮಾಡುವ ತಾಯಿಯೊಬ್ಬರಿಗೆ ನಮ್ಮ ಸೀಮೆಯ ಪದಾರ್ಥಗಳಿಂದಲೇ ಒಂದು ದಿನದ ಊಟವನ್ನು ಜೋಡಿಸಿ ತೋರಿಸುತ್ತೇನೆ. ನೆನೆಸಿದ ಕಡಲೆಕಾಯಿ ಬೀಜ, ಒಣಗಿದ ತೂಕದಲ್ಲಿ 60 ಗ್ರಾಂ. ಮೊಳಕೆ ಹೆಸರು, ಅದೂ ಒಣತೂಕದಲ್ಲಿ 60 ಗ್ರಾಂ. ಹಸಿ ತೆಂಗಿನಕಾಯಿ ತುರಿ 100 ಗ್ರಾಂ. ಏಲಕ್ಕಿ ಬಾಳೆಹಣ್ಣು ಸುಮಾರು ಎಂಟು. ಎಳ್ಳು 30 ಗ್ರಾಂ. ಖರ್ಜೂರ 50 ಗ್ರಾಂ. ಸೊಪ್ಪು ತರಕಾರಿ 400 ಗ್ರಾಂ. ಇವೆಲ್ಲವೂ ಸೇರಿ 50 ಗ್ರಾಂ ಸಸಾರಜನಕವೂ 1700 ಕ್ಯಾಲೊರಿಯೂ ಬರುತ್ತವೆ. ಕೋಸಂಬರಿಯನ್ನೂ ರಸಾಯನವನ್ನೂ ಬಲ್ಲ ನಮ್ಮ ಗೃಹಿಣಿಯರಿಗೆ ಇದನ್ನು ರುಚಿಗೊಳಿಸುವುದು ಕಷ್ಟವಲ್ಲ. ಕಷ್ಟವಿರುವುದು ಪ್ರತಿದಿನವೂ ಇಷ್ಟನ್ನು ಅಗಿದು ತಿನ್ನುವುದರಲ್ಲಿ. ಅದೇ ತಾಯಿಯು ಹೊಲಕ್ಕೆ ಹೋಗಿ ಕಳೆ ತೆಗೆಯುವವಳಾದರೆ ಇನ್ನೂ ಸಾವಿರ ಕ್ಯಾಲೊರಿ ಬೇಕು. ಅಂದರೆ ಮತ್ತೊಂದು ತೆಂಗಿನಹೋಳೂ ಮತ್ತೊಂದು ಬೊಗಸೆ ಕಡಲೆಕಾಯಿಯೂ ಬಾಳೆಯ ಮತ್ತೊಂದು ಚಿಪ್ಪೂ. ಆಕೆಯು ರಾಗಿಮುದ್ದೆಯನ್ನೂ ಮೊಳಕೆ ಹುರುಳಿಯ ಸಾರನ್ನೂ ಉಂಡರೆ ಈ ತೊಡಕೊಂದೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಮುದ್ದೆಯಲ್ಲಿ ಕಡಿಮೆಯಾದ ಲೈಸಿನ್ ಎಂಬ ಅಂಶವನ್ನು ಹುರುಳಿಯು ತುಂಬುತ್ತದೆ, ಹುರುಳಿಯಲ್ಲಿ ಕಡಿಮೆಯಾದ ಮೆಥಿಯೋನಿನ್ ರಾಗಿಯಿಂದ ದೊರೆಯುತ್ತದೆ. ಹೆಸರು ತಿಳಿಯದೆಯೇ ನಮ್ಮ ಹಿರಿಯರು ಇದನ್ನು ಕೂಡಿಸಿದ್ದರು.

ಬೆಂಕಿಯ ಉಪಕಾರವನ್ನು ಮರೆಯಬಾರದು. ಬೇಯಿಸಿದಾಗ ಪಿಷ್ಟವು ಅರಳಿ ಸುಲಭವಾಗಿ ಅರಗುತ್ತದೆ. ಹಸಿ ದ್ವಿದಳಧಾನ್ಯಗಳಲ್ಲಿ ಸಸಾರಜನಕದ ಪಚನವನ್ನೇ ತಡೆಯುವ ಪದಾರ್ಥಗಳಿವೆ. ಅವನ್ನು ಮೊಳಕೆಯು ತಗ್ಗಿಸುತ್ತದೆ, ಬೆಂಕಿಯು ಬಹುಮಟ್ಟಿಗೆ ನಾಶಮಾಡುತ್ತದೆ. ಹುರುಳಿಕಾಯಿ ಗಿಡದ ಒಣ ಬೀಜವನ್ನು, ಅಂದರೆ ರಾಜ್ಮಾವನ್ನು, ಹಸಿಯಾಗಿ ತಿಂದರೆ ವಾಂತಿಭೇದಿಯಾಗುತ್ತದೆ. ಮರಗೆಣಸಿನಲ್ಲಿ ವಿಷಾಂಶವುಂಟು. ನಮ್ಮ ಪ್ರೀತಿಯ ಅವರೆಕಾಳನ್ನೂ ಹಸಿಯಾಗಿ ತಿನ್ನಕೂಡದು. ನೆನೆಸಿ ಮೊಳಕೆ ಬಂದ ಹೆಸರನ್ನು ಸಹ ಒಂದು ಆವಿಯಲ್ಲಿ ಹಿಡಿದು ತೆಗೆದರೆ ಹೊಟ್ಟೆಯುಬ್ಬರವು ಕಡಿಮೆಯಾಗುತ್ತದೆ. ವ್ರತಕ್ಕೆ ಭಂಗವೆಂದು ಹಟಹಿಡಿಯುವವರು ಹೆಸರು ಮತ್ತು ಕಡಲೆಕಾಯಿಗಳಲ್ಲೇ ನಿಲ್ಲಲಿ. ಬೂಷ್ಟು ಹಿಡಿದ ಕಡಲೆಕಾಯಿಯು ಯಕೃತ್ತಿಗೆ ವಿಷ. ಅದನ್ನು ಆರಿಸಿ ಎಸೆಯಬೇಕು. ಗಾಂಧಿಯವರನ್ನು ಕಾಡಿದ ಆಮಶಂಕೆಯನ್ನೂ ನೆನೆಯಿರಿ. ಕೊಳಚೆಯ ನೀರು ತಾಗಿದ ಸೊಪ್ಪನ್ನು ಬೇಯಿಸಿ ಉಣ್ಣುವವನು ಪಾರಾಗುತ್ತಾನೆ, ಹಸಿಯಾಗಿ ಉಣ್ಣುವವನಿಗೆ ಆ ರಕ್ಷೆಯಿಲ್ಲ. ಹೊಗೆಸೊಪ್ಪಿನ ಹೊಲದಂಚಿನಲ್ಲಿ, ಔಷಧ ಸಿಂಪಡಿಸಿದ ಕಡೆ ಬೆಳೆದ ಬೆರಕೆಸೊಪ್ಪನ್ನಂತೂ ಮುಟ್ಟಲೇಬೇಡಿ.

"ಹಸುವು ಹಸಿಯ ಹುಲ್ಲನ್ನೇ ತಿಂದು ದಷ್ಟಪುಷ್ಟವಾಗಿಲ್ಲವೇ?" ಎಂದು ಒಬ್ಬ ತರುಣರು ವಾದಿಸಿದರು. ಹಸುವಿಗೆ ನಾಲ್ಕು ಕೋಣೆಗಳ ಉದರವಿದೆ; ಅಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಸಿ ಸಸಾರಜನಕವನ್ನು ಕಟ್ಟಿಕೊಡುತ್ತವೆ, ಬಿ12 ಎಂಬ ಜೀವಸತ್ತ್ವವನ್ನೂ ತಯಾರಿಸುತ್ತವೆ. ಹಗಲೆಲ್ಲ ಮೇದು ಇರುಳೆಲ್ಲ ಮೆಲುಕುಹಾಕುವ ಪುರಸೊತ್ತು ನಮಗಿಲ್ಲ, ಆ ಉದರವೂ ಇಲ್ಲ.

ಮೈತೂಕದ ಮಾತಿಗೆ ಬರುತ್ತೇನೆ. ಮೊದಲ ವಾರದಲ್ಲಿ ಒಂದೆರಡು ಕಿಲೋ ಇಳಿದರೆ ಹಿಗ್ಗುವುದೂ ಬೇಡ, ಹೆದರುವುದೂ ಬೇಡ. ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸಂಗ್ರಹವಾಗಿದ್ದ ಸಕ್ಕರೆಯೂ ಅದು ಹಿಡಿದಿಟ್ಟ ನೀರೂ ಹೋಗಿರುತ್ತವೆ. ಆಮೇಲೆ ಸ್ಥೂಲಕಾಯರಿಗೆ ವಾರಕ್ಕೆ ಅರ್ಧ ಕಿಲೋ ಇಳಿಯುವುದು ಒಳಿತೇ. ಆದರೆ ಎಲ್ಲಿ ನಿಲ್ಲಬೇಕು? ಎತ್ತರವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು 18.5ರಿಂದ ಗುಣಿಸಿದರೆ ಕೆಳಗಿನ ಗಡಿ ದೊರೆಯುತ್ತದೆ. 155 ಸೆಂಟಿಮೀಟರ್ ಎತ್ತರದವರಿಗೆ 44 ಕಿಲೋ, 165 ಸೆಂಟಿಮೀಟರ್ ಎತ್ತರದವರಿಗೆ 50 ಕಿಲೋ. ಈ ಗಡಿಯನ್ನು ಸಮೀಪಿಸಿದವರು ವ್ರತವನ್ನು ಸಡಿಲಿಸತಕ್ಕದ್ದು.

ಇದು ಬರಿಯ ಊಹೆಯ ಭಯವಲ್ಲ. ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದ ಸಂಶೋಧಕರು ದೀರ್ಘಕಾಲ ಹಸಿಯ ಆಹಾರದಲ್ಲಿದ್ದ 216 ಪುರುಷರನ್ನೂ 297 ಸ್ತ್ರೀಯರನ್ನೂ ವಿಚಾರಿಸಿ 1999ರಲ್ಲಿ ಫಲವನ್ನು ಪ್ರಕಟಿಸಿದರು. ಪುರುಷರು ಸರಾಸರಿ 9.9 ಕಿಲೋ, ಸ್ತ್ರೀಯರು 12 ಕಿಲೋ ಇಳಿದಿದ್ದರು. ಸ್ತ್ರೀಯರಲ್ಲಿ ನೂರಕ್ಕೆ 25 ಮಂದಿ ನಾನು ಹೇಳಿದ ಗಡಿಗಿಂತ ಕೆಳಗಿದ್ದರು. 45 ವರ್ಷದೊಳಗಿನವರಲ್ಲಿ ನೂರಕ್ಕೆ 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಇಲ್ಲವೆ ನಿಂತೇಹೋಗಿತ್ತು. ಅಲ್ಲಿಯವರೇ 2005ರಲ್ಲಿ ಪ್ರಕಟಿಸಿದ ಮತ್ತೊಂದು ಪರೀಕ್ಷೆಯಲ್ಲಿ ಇಂತಹವರ ರಕ್ತದ ಕೆಟ್ಟ ಕೊಲೆಸ್ಟರಾಲು ತಗ್ಗಿದ್ದುದೂ ಕಂಡಿತು, ನೂರಕ್ಕೆ 38 ಮಂದಿಯಲ್ಲಿ ಬಿ12ರ ಕೊರತೆಯೂ ಕಂಡಿತು. ಲಾಭವನ್ನು ಹೇಳುವವರು ನಷ್ಟವನ್ನೂ ಜೊತೆಯಲ್ಲಿ ಹೇಳಬೇಕು.

ಮಧುಮೇಹಕ್ಕೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ತಿಳಿಸದೆ ಅನ್ನವನ್ನು ಬಿಡಬೇಡಿ; ಔಷಧದ ಪ್ರಮಾಣವು ಹಾಗೆಯೇ ಉಳಿದು ಊಟವು ಇಳಿದರೆ ರಕ್ತದ ಸಕ್ಕರೆಯು ಕುಸಿದು ಪ್ರಜ್ಞೆ ತಪ್ಪಬಹುದು. ಮೂತ್ರಪಿಂಡದ ರೋಗಿಗಳಿಗೆ ಎಳನೀರು, ಬಾಳೆಹಣ್ಣುಗಳಲ್ಲಿರುವ ಪೊಟಾಸಿಯಂ ಅಪಾಯಕರ.

ಬಿ12ರ ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಸಿದ್ಧನಲ್ಲ. ಅದು ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ, ಪಾಚಿಯಿಂದ ಮಾಡಿದ ಪುಡಿಗಳಲ್ಲಿರುವುದು ನಮ್ಮ ದೇಹಕ್ಕೆ ಒದಗುವ ಬಗೆಯದಲ್ಲ. ಮಾಂಸವನ್ನು ತೊರೆದ ನಮ್ಮ ಸಮಾಜಕ್ಕೆ ತಲೆಮಾರುಗಳಿಂದ ಅದನ್ನು ಕೊಟ್ಟದ್ದು ಹಾಲು, ಮೊಸರು, ಮಜ್ಜಿಗೆಗಳು. ಹಾಲನ್ನು ಬಿಟ್ಟವರು ಬಿ12 ಗುಳಿಗೆಯನ್ನು ಸೇವಿಸಲೇಬೇಕು. ಅದನ್ನು ಸೂಕ್ಷ್ಮಜೀವಿಗಳನ್ನು ಹುಳಿಸಿ ತಯಾರಿಸುತ್ತಾರೆ. ಪ್ರಾಣಿಹಿಂಸೆಯ ಶಂಕೆ ಬೇಡ. ಗುಳಿಗೆಯು ಪ್ರಕೃತಿಗೆ ವಿರುದ್ಧವೆನ್ನುವವರು ಕೊರತೆಯಿಂದ ಕಾಲು ಜೋಮುಹಿಡಿಯುವುದನ್ನೂ ನೆನಪು ಮಾಸುವುದನ್ನೂ ಪ್ರಕೃತಿಯೆನ್ನುವರೇ?

ಕೊನೆಯದಾಗಿ ತಾಯಂದಿರಿಗೆ. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಸಸಾರಜನಕವು ಅಧಿಕವಾಗಿ ಬೇಕು. ಬಾಣಂತಿಯ ಎದೆಹಾಲಿನಲ್ಲಿ ಬಿ12 ಇಲ್ಲವಾದರೆ ಮಗುವು ಆರೇಳು ತಿಂಗಳವರೆಗೆ ಚೆನ್ನಾಗಿಯೇ ಬೆಳೆದಂತೆ ಕಂಡು, ಆಮೇಲೆ ನಗುವುದನ್ನು ಮರೆಯುತ್ತದೆ, ಕತ್ತು ನಿಲ್ಲುವುದಿಲ್ಲ, ಕೈಕಾಲುಗಳು ನಡುಗಹತ್ತುತ್ತವೆ. ನಮ್ಮ ದೇಶದ ಮಕ್ಕಳ ವೈದ್ಯರು ಇದನ್ನು ಚೆನ್ನಾಗಿ ಬಲ್ಲರು. ಬೇಗ ಗುರುತಿಸಿದರೆ ಚುಚ್ಚುಮದ್ದಿನಿಂದ ಬಹುಬೇಗ ಚೇತರಿಸುತ್ತದೆ, ತಡವಾದರೆ ಬುದ್ಧಿಯ ಬೆಳವಣಿಗೆಯು ಕುಂಠಿತವಾಗಿಯೇ ಉಳಿಯಬಹುದು. ಆದುದರಿಂದ ಬಸುರಿ ಬಾಣಂತಿಯರಿಗೂ ಎಳೆಯ ಮಕ್ಕಳಿಗೂ ಈ ವ್ರತವನ್ನು ಯಾರೂ ಹೇರಬಾರದೆಂದು ಸನ್ನಿಧಿಯಲ್ಲಿ ಬಿನ್ನವಿಸಿಕೊಂಡಿದ್ದೇನೆ. ಉಳಿದವರು ವ್ರತವನ್ನು ಮುಂದುವರಿಸುವುದಾದರೆ, ದಾಸೋಹದ ಉಗ್ರಾಣದಲ್ಲಿ ಆಳೆತ್ತರದ ತೂಕದ ಯಂತ್ರವೊಂದಿದೆ. ಸೋಮವಾರ ಪ್ರಾತಃಕಾಲ ಪೂಜೆಗೆ ಬಂದಾಗ ಅದರ ಮೇಲೆ ನಿಂತು, ಅಲ್ಲಿಯೇ ಇಟ್ಟಿರುವ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ತೂಕವನ್ನು ಬರೆದು ಹೋಗಬೇಕು. ಎರಡು ತಿಂಗಳಲ್ಲಿ ಮೂರು ಕಿಲೋವಿಗಿಂತ ಹೆಚ್ಚು ಇಳಿದ ಕೃಶದೇಹಿಗಳನ್ನು ಉಗ್ರಾಣದವರೇ ಕರೆದು ಪಂಕ್ತಿಯಲ್ಲಿ ಕೂರಿಸಿ ಮುದ್ದೆ ಬಡಿಸುವಂತೆ ಅಪ್ಪಣೆಯಾಗಿದೆ.