ಯಾವ ಕಂಪ್ಯೂಟರಿನಲ್ಲಿ ಓಡಿಸಿ ನೋಡಬೇಕು?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಕಂಪ್ಯೂಟರಿನ ಬಗ್ಗೆ ಏನಾದರೂ ಹೇಳಿ ಎಂದು ಸಮಿತಿಯವರು ಕೇಳಿದರು. ದೇವನೂರ ಮಹಾದೇವ ಅವರ ಊರಿನಲ್ಲಿ ನಿಂತು ಕನ್ನಡದ ಸೊಗಸಿನ ಬಗ್ಗೆ ಮಾತಾಡಲು ನನಗೆ ಧೈರ್ಯ ಸಾಲದು. ಕನ್ನಡದ ಅಕ್ಷರ ಕಂಪ್ಯೂಟರಿನೊಳಗೆ ಕೆಡದೆ ಉಳಿಯಲಿ ಎಂದು ದುಡಿಯುವವರ ನಡುವೆ ನಡೆಯುವ ಒಂದು ಸಣ್ಣ ಜಗಳದ ವಿಷಯ ಹೇಳುತ್ತೇನೆ.

ನುಡಿ, ಬರಹ ತಂತ್ರಾಂಶಗಳಲ್ಲಿ ಹಿಂದೆ ಟೈಪು ಮಾಡಿದ ಕಡತಗಳು ನಿಮ್ಮಲ್ಲಿ ಅನೇಕರ ಬಳಿ ಇವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವನ್ನು ತೆರೆದರೆ ಕನ್ನಡ ಕಾಣುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಏಕೆಂದರೆ ಅಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಅಂಥ ಕಡತವನ್ನು ಯೂನಿಕೋಡಿಗೆ ಬದಲಿಸುವ ಒಂದು ಮುಕ್ತ ತಂತ್ರಾಂಶಕ್ಕೆ ನಾವು ಕೆಲವರು ಸಂಜೆ ಹೊತ್ತು ಕೆಲಸ ಮಾಡುತ್ತೇವೆ. ಸಂಬಳವಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು.

ಪ್ರಶ್ನೆ ಇದು: ಪ್ರತಿ ಸಲ ತಿದ್ದಿದ ಮೇಲೆ ಅದನ್ನು ಯಾವ ಯಾವ ಆಪರೇಟಿಂಗ್ ಸಿಸ್ಟಂಗಳಲ್ಲಿ ಓಡಿಸಿ ನೋಡಬೇಕು?

ಒಂದು ಕಡೆ ಓಡಿದ್ದು ಎಲ್ಲ ಕಡೆಯೂ ಓಡುವುದಿಲ್ಲವೆ ಎನ್ನಬಹುದು. ನಂಜನಗೂಡಿನ ರಸಬಾಳೆಯನ್ನು ಬೇರೆ ಮಣ್ಣಿಗೆ ಹಾಕಿದರೆ ಆ ರುಚಿ ಬಾರದು ಎನ್ನುತ್ತೇವಲ್ಲ, ಹಾಗೆಯೇ ಇದೂ. ವಿಂಡೋಸಿಗೆ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಸಾಮಾನ್ಯವಾಗಿ ಒಂದೇ. ಲಿನಕ್ಸಿಗೆ ಬೇರೆ ಬೇರೆ. ವಿಂಡೋಸಿನಲ್ಲಿ ಸಿಕ್ಕ ಫಾಂಟ್ ಕಡತ ಲಿನಕ್ಸಿನಲ್ಲಿ 'ಇಲ್ಲ' ಎಂದು ಬರುತ್ತದೆ. ಇನ್ನೊಂದು, ಇದಕ್ಕಿಂತ ಕೆಟ್ಟದ್ದು. ಯುಟಿಎಫ್-8 ಎಂಬ ಬಗೆಯಲ್ಲಿ 'ಕ' ಎಂಬ ಒಂದು ಅಕ್ಷರಕ್ಕೆ ಮೂರು ಬೈಟ್ ಬೇಕು. ಲಿನಕ್ಸಿನಲ್ಲಿ ಪೈಥಾನ್ ಭಾಷೆ ಆ ಮೂರನ್ನೂ ಕೂಡಿಸಿ 'ಕ' ಎಂದೇ ಓದುತ್ತದೆ. ವಿಂಡೋಸಿನಲ್ಲಿ, ನಾವು ಬಿಡಿಸಿ ಹೇಳದಿದ್ದರೆ, ಪೈಥಾನಿನ ಈವರೆಗಿನ ಎಷ್ಟೋ ಆವೃತ್ತಿಗಳು ಹಳೆಯ ಯುರೋಪಿಯನ್ ಪಟ್ಟಿಯಂತೆ ಒಂದೊಂದು ಬೈಟನ್ನೂ ಒಂದೊಂದು ಬೇರೆ ಚಿಹ್ನೆಯಾಗಿ ಓದುತ್ತವೆ. ಹಾಗೆಯೇ ಉಳಿಸಿಬಿಟ್ಟರೆ ಒಬ್ಬ ಮೇಷ್ಟ್ರ ಹತ್ತು ವರ್ಷದ ಪಾಠದ ಟಿಪ್ಪಣಿ ಹೋಯಿತು.

ನಮ್ಮ ಪರೀಕ್ಷೆಯ ಕಡತದಲ್ಲಿ ಸೂರ್ಯ, ಸ್ತ್ರೀ, ಲಕ್ಷ್ಮಿ, ರ‍್ಯಾಂಕ್ ಎಂಬಂಥ ಪದಗಳಿವೆ. 'ಸೂರ್ಯ'ದ ಅರ್ಕಾವೊತ್ತು ಹಳೆಯ ಕಡತದಲ್ಲಿ 'ಯ' ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ 'ರ' ಮೊದಲು. 'ರ‍್ಯಾಂಕ್' ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ. ಅದು ಬಿದ್ದುಹೋದರೆ ಅಲ್ಲಿಯೂ ಅರ್ಕಾವೊತ್ತು ಬರುತ್ತದೆ. ತೆರೆಯ ಮೇಲೆ ಮೂಡಿಸುವ ಕೆಲಸವೂ ಎಲ್ಲ ಕಡೆ ಒಂದೇ ಅಲ್ಲ. ಲಿಬ್ರೆಆಫೀಸ್ ಕೂಡ 2017ರ 5.3ನೇ ಆವೃತ್ತಿಯಲ್ಲಷ್ಟೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಒಂದೇ ಸಾಧನಕ್ಕೆ ಬಂದದ್ದು.

ಹಾಗಾದರೆ ಎಲ್ಲದರಲ್ಲೂ ಪರೀಕ್ಷಿಸಿ ಎನ್ನುವುದು ಸುಲಭ. ಮಾಡುವ ಕೈಗಳು ನಾಲ್ಕೋ ಐದೋ. ಮುಕ್ತ ಯೋಜನೆಗಳಿಗೆ ವಿಂಡೋಸ್, ಉಬುಂಟು, ಮ್ಯಾಕ್ ಯಂತ್ರಗಳನ್ನು ಗಿಟ್‌ಹಬ್ ಪುಕ್ಕಟೆ ಕೊಡುತ್ತದೆ. ತಿದ್ದುಪಡಿ ಸೇರಿದ ಕೂಡಲೆ ಪರೀಕ್ಷೆ ತಾನಾಗಿ ನಡೆಯುತ್ತದೆ. ಆದರೆ ಅಲ್ಲಿ ವಿಂಡೋಸ್ 7 ಇಲ್ಲ. ಜಗಳ ಎದ್ದದ್ದೇ ಅದರ ಮೇಲೆ.

ಮೈಕ್ರೋಸಾಫ್ಟ್ ವಿಂಡೋಸ್ 7ರ ಸಾಮಾನ್ಯ ಬೆಂಬಲವನ್ನು 2020ರ ಜನವರಿ 14ಕ್ಕೆ ನಿಲ್ಲಿಸಿತು. ಅದೇ ವರ್ಷ ಬಂದ ಪೈಥಾನ್ 3.9 ಅದರಲ್ಲಿ ಓಡುವುದಿಲ್ಲ. ವಿಂಡೋಸ್ 7 ಬೇಕೆಂದರೆ ನಾವು 3.8ರಲ್ಲೇ ನಿಲ್ಲಬೇಕು, ಅದರ ಆಯುಸ್ಸು 2024ಕ್ಕೇ ಮುಗಿದಿದೆ. ಒಂದು ಹಳೆಯ ಎತ್ತಿಗಾಗಿ ಇಡೀ ಬಂಡಿ ನಿಲ್ಲಬೇಕೆ ಎಂದು ಗೆಳೆಯರೊಬ್ಬರು ಕೇಳಿದರು. ಸುರಕ್ಷತೆ ಇಲ್ಲದ ಯಂತ್ರವನ್ನು ಇಟ್ಟುಕೊಳ್ಳಿ ಎಂದು ನಾವೇ ಹೇಳಿದ ಹಾಗಾಗುತ್ತದೆ ಎಂಬುದೂ ಅವರ ಮಾತು. ತಪ್ಪೇನಿಲ್ಲ.

ನನ್ನ ವಾದ ಬೇರೆ. ನುಡಿ ಕಡತಗಳು ಇರುವುದೇ ಹಳೆಯ ಯಂತ್ರಗಳಲ್ಲಿ! ಹೊಸ ಲ್ಯಾಪ್‌ಟಾಪ್ ಇರುವವರಿಗೆ ನಮ್ಮ ತಂತ್ರಾಂಶದ ಅಗತ್ಯ ಅಷ್ಟಕ್ಕಷ್ಟೆ. ಡೌನ್‌ಲೋಡ್ ಲೆಕ್ಕ ನೋಡಿ ತೀರ್ಮಾನಿಸೋಣ ಎಂದರು. ಆ ಲೆಕ್ಕವನ್ನು ನಾನು ನಂಬುವುದಿಲ್ಲ. ಒಬ್ಬರು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಹತ್ತು ಕಡೆ ಹಂಚಿದರೆ ಲೆಕ್ಕಕ್ಕೆ ಬರುವುದು ಒಂದೇ.

ಲಿನಕ್ಸಿನ ಬಗ್ಗೆ ಮಾತ್ರ ತಕರಾರು ಬರಲಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಲಿಸುವುದು ಲಿನಕ್ಸಿನಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. ಅವರನ್ನು ಬಿಟ್ಟು ಕನ್ನಡದ ತಂತ್ರಾಂಶ ಮಾಡುವುದು ಹೇಗೆ?

ರಸ್ಟ್ ಎಂಬ ಭಾಷೆಯನ್ನು ಕಟ್ಟಿದವರು ಇಂಥದ್ದಕ್ಕೆ ಮೂರು ದರ್ಜೆ ಮಾಡಿದ್ದಾರೆ: ಖಂಡಿತ ಓಡುತ್ತದೆ ಎನ್ನುವುದು, ಬಿಲ್ಡ್ ಆಗುತ್ತದೆ ಎಂದಷ್ಟೇ ಭರವಸೆ ಕೊಡುವುದು, ಭರವಸೆಯೇ ಇಲ್ಲದ್ದು. ನಾವೂ ಅದನ್ನೇ ನಮ್ಮ ಕೈಗೆ ತಕ್ಕಂತೆ ಮಾಡಿಕೊಂಡೆವು. ವಿಂಡೋಸ್ 10, 11, ಉಬುಂಟು ಮತ್ತು ಡೆಬಿಯನ್‌ನಲ್ಲಿ ಪ್ರತಿ ತಿದ್ದುಪಡಿಗೂ ಪರೀಕ್ಷೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಆದರೂ ಜನ ಅದನ್ನು ಬಿಡುವ ತನಕ ನಾವೂ ಬಿಡುವುದಿಲ್ಲ. ಮ್ಯಾಕಿಗೆ ಬಿಲ್ಡ್ ಮಾತ್ರ. ನಮ್ಮಲ್ಲಿ ಯಾರ ಬಳಿಯೂ ಅದಿಲ್ಲ. 32 ಬಿಟ್ ಯಂತ್ರಕ್ಕೆ 2025ರ ಡೆಬಿಯನ್ 13ರಲ್ಲಿ ಇನ್‌ಸ್ಟಾಲರೇ ಇಲ್ಲ, ನಾವೂ ಕೈಬಿಟ್ಟೆವು. ವಿಂಡೋಸ್ 7ಕ್ಕೆ ಪೈಥಾನ್ 3.8ರ ಒಂದು ಆವೃತ್ತಿಯನ್ನು ಪಕ್ಕಕ್ಕಿಟ್ಟಿದ್ದೇವೆ. ಅದಕ್ಕೆ ಹೊಸ ಸೌಲಭ್ಯ ಸೇರುವುದಿಲ್ಲ; ಕಡತ ಹಾಳುಮಾಡುವ ದೋಷ ಕಂಡರೆ ಮಾತ್ರ ತಿದ್ದುತ್ತೇವೆ. ನೆಟ್ ಕಿತ್ತು ಬಳಸಿ ಎಂದು ಮೊದಲ ಸಾಲಿನಲ್ಲೇ ಬರೆದಿದೆ.

ಒಂದು ಷರತ್ತೂ ಇದೆ. ವಿಂಡೋಸ್ 7 ಯಂತ್ರ ಇಟ್ಟುಕೊಂಡ ಒಬ್ಬರು, ತಿದ್ದಿದಾಗಲೆಲ್ಲ ಕೈಯಾರೆ ಓಡಿಸಿ ನೋಡಿ ಫಲಿತಾಂಶ ತಿಳಿಸಬೇಕು. ಅಂಥವರು ಇಲ್ಲವಾದ ದಿನ ಅದೂ ಪಟ್ಟಿಯಿಂದ ಹೋಗುತ್ತದೆ. ಸದ್ಯಕ್ಕೆ ಆ ಕೆಲಸ ನನ್ನ ತಲೆಯ ಮೇಲಿದೆ, ಮನೆಯಲ್ಲಿರುವ ಯಂತ್ರವೋ ದಿನ ಎಣಿಸುತ್ತಿದೆ.

ನಮ್ಮ ಶಾಲೆಯ ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಒಂದು ಕಂಪ್ಯೂಟರನ್ನು ಬೆಳಿಗ್ಗೆ ನೋಡಿದೆ. ಹಚ್ಚಿದರೆ ವಿಂಡೋಸ್ 7 ಬಂತು. ಮುಖ್ಯೋಪಾಧ್ಯಾಯರು ಅದನ್ನು ಹರಾಜಿಗೆ ಹಾಕದಿದ್ದರೆ, ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳು ತಿಂಗಳಿಗೊಂದು ಶನಿವಾರ ಅರ್ಧ ಗಂಟೆ ಕೊಟ್ಟರೆ ಸಾಕು. ಆ ನಾಲ್ಕು ಪದ ಟೈಪು ಮಾಡಿದ ನುಡಿ ಕಡತವನ್ನು ಬದಲಿಸಿ, 'ರ‍್ಯಾಂಕ್' ಸರಿ ಬಂತೋ ಇಲ್ಲವೋ ನೋಡಿ ನನಗೆ ಬರೆಯಬೇಕು. ಪೆನ್‌ಡ್ರೈವ್ ತಂದಿದ್ದೇನೆ. ಊಟದ ನಂತರ ಲ್ಯಾಬಿನಲ್ಲಿ ಇರುತ್ತೇನೆ, ಬನ್ನಿ.