ರಸೀದಿ ಬೇಡವೆಂದ ತಾಯಿ

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶರಣ ಬಂಧುಗಳ ಸಭೆಯಲ್ಲಿ ಆಡಿದ ಮಾತುಗಳು)

 

ಅಹಂಕಾರದ ಮೇಲೆ ಮಾತನಾಡಿ ಎಂದು ಹೇಳಿದ್ದಾರೆ. ಈ ವಿಷಯಕ್ಕೆ ನಾನು ಯೋಗ್ಯನೇ. ಏಕೆಂದರೆ ಅದು ನನ್ನಲ್ಲಿ ಬೇಕಾದಷ್ಟಿದೆ.

ಕಳೆದ ಸುಗ್ಗಿಯಲ್ಲಿ ದಾಸೋಹಕ್ಕೆ ಧಾನ್ಯ ಎತ್ತಲು ಪಾವಗಡದ ಕಡೆಯ ಹಳ್ಳಿಗಳಿಗೆ ಹೋಗಿದ್ದೆವು. ರಸೀದಿ ಪುಸ್ತಕ ನನ್ನ ಕೈಯಲ್ಲಿತ್ತು. ವಯಸ್ಸಾದ ತಾಯಿಯೊಬ್ಬರು ಸೆರಗಿನಲ್ಲಿ ಎರಡು ಸೇರು ರಾಗಿ ತಂದರು. ನಾನು ತಲೆ ಎತ್ತದೆಯೇ, "ಇಷ್ಟಕ್ಕೆ ರಸೀದಿ ಬರೆಯೋದಿಲ್ಲಮ್ಮ, ಅಲ್ಲಿ ಸುರಿದು ಹೋಗಿ" ಎಂದೆ. ಆ ತಾಯಿ ಬೇಸರ ಮಾಡಿಕೊಳ್ಳಲಿಲ್ಲ. "ರಸೀದಿ ಯಾಕಪ್ಪಾ? ಬಿತ್ತಿದ್ದು ನಾನು, ಅಷ್ಟೇ. ಮಳೆ ಹುಯ್ಸಿದ್ದೂ ನಾನಾ?" ಎಂದು ರಾಗಿ ಸುರಿದು, ಚೀಲಕ್ಕೆ ಕೈಮುಗಿದು ಹೊರಟುಹೋದರು.

ಆ ಮಾತು ನನಗೆ ಯಾಕೆ ಚುಚ್ಚಿತು ಎಂದರೆ, ಅದಕ್ಕೆ ಎರಡು ದಿನ ಮೊದಲು ದಾಸೋಹದ ಕಟ್ಟಡದ ಕಲ್ಲಿನಲ್ಲಿ ನನ್ನ ಹೆಸರು ನಾಲ್ಕನೆಯದಾಗಿ ಬಂದಿದೆಯೆಂದು ನಾನು ಜಗಳವಾಡಿದ್ದೆ.

ಬಂಧುಗಳೇ, ಸೊನ್ನಲಿಗೆಯ ಸಿದ್ಧರಾಮರ ಕಥೆ ನಿಮಗೆ ಗೊತ್ತು. ಅವರು ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಸಾವಿರಾರು ಜನಕ್ಕೆ ನೀರು ಅನ್ನ ಆದರು. ಅಲ್ಲಿಗೆ ಅಲ್ಲಮಪ್ರಭುಗಳು ಬಂದು ಅವರನ್ನು ತರಾಟೆಗೆ ತೆಗೆದುಕೊಂಡದ್ದನ್ನು ಶೂನ್ಯಸಂಪಾದನೆ ಹೇಳುತ್ತದೆ. ಕೆರೆ ತಪ್ಪೇ? ಬರದ ನಾಡಿನವರಾದ ನಾವು ಹಾಗೆ ಹೇಳಲಾರೆವು. ಕೆರೆ ತಪ್ಪಲ್ಲ, ಕೆರೆಯ ಏರಿಯ ಮೇಲೆ ನಿಂತ "ನಾನು" ತಪ್ಪು. ಅಷ್ಟು ದೊಡ್ಡ ಕರ್ಮಯೋಗಿ ಅದನ್ನು ಒಪ್ಪಿ ಕಲ್ಯಾಣಕ್ಕೆ ಹೋದರು, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ತಮಗಿಂತ ಕಿರಿಯರ ಮುಂದೆ ಬಾಗಿದರು. ಅವರ ದೊಡ್ಡತನ ಇರುವುದು ಅಲ್ಲಿ.

ಕೆಟ್ಟ ಕೆಲಸದಲ್ಲಿ ಹುಟ್ಟುವ ಅಹಂಕಾರ ಊರಿಗೆಲ್ಲ ಕಾಣುತ್ತದೆ. ಒಳ್ಳೆಯ ಕೆಲಸದಲ್ಲಿ ಹುಟ್ಟುವುದು ಕಾಣುವುದಿಲ್ಲ. ಕಡಲೆಕಾಯಿ ಹೊಲದ ಕಳೆಯಂತೆ, ಅದನ್ನು ಯಾರೂ ಬಿತ್ತುವುದಿಲ್ಲ, ಗೊಬ್ಬರ ಮಾತ್ರ ಬೆಳೆಯದ್ದೇ ತಿನ್ನುತ್ತದೆ.

ನಾವು ಸುಧಾರಕರು. ಜಾತಿ ಬಿಟ್ಟವರು, ಮೂಢನಂಬಿಕೆ ಬಿಟ್ಟವರು ಎನ್ನುತ್ತೇವೆ. ಬಿಟ್ಟಿದ್ದರೆ ಸಂತೋಷ. ಆದರೆ ಇನ್ನೂ ಬಿಡದ ಅಣ್ಣತಮ್ಮಂದಿರನ್ನು ಕೀಳಾಗಿ ಕಂಡರೆ, "ಬಿಟ್ಟವರು" ಎಂಬ ಹೊಸ ಜಾತಿಯೊಂದನ್ನು ಕಟ್ಟಿದಂತಾಯಿತು. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಅಧಿಕಾರವೂ ಇತ್ತು, ಕೀರ್ತಿಯೂ ಇತ್ತು. ಆದರೂ ಮಾದಾರ ಚೆನ್ನಯ್ಯನವರನ್ನು ತಮ್ಮ ಹಿರಿಯರೆಂದು ಕರೆದುಕೊಂಡರು. ಕೆಳಗಿನವರನ್ನು ಮೇಲೆತ್ತಿದೆ ಎಂದು ಹೇಳಿಕೊಳ್ಳಲಿಲ್ಲ, ತಾವೇ ಅವರ ಮನೆಯವರಾದರು.

ನಮ್ಮ ಜಿಲ್ಲೆಯಲ್ಲೇ ನೋಡಿದ್ದೇವೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಮಕ್ಕಳ ಅನ್ನಕ್ಕಾಗಿ ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿದರು. ಜೋಳಿಗೆ ಹಿಡಿದ ಕೈ ಮೇಲೆ ಇರುವುದಿಲ್ಲ, ಕೆಳಗೇ ಇರುತ್ತದೆ. ನನ್ನ ಕೈಯಲ್ಲಿದ್ದದ್ದೂ ಜೋಳಿಗೆಯೇ. ನಾನು ಅದನ್ನು ರಸೀದಿ ಪುಸ್ತಕ ಮಾಡಿಕೊಂಡಿದ್ದೆ.

ಶಿರಾದವರು ತಮ್ಮ ಹಳೆಯ ಕೋಟೆಯನ್ನು ನೋಡುತ್ತಲೇ ಇದ್ದೀರಿ. 1687ರಲ್ಲಿ ಮೊಗಲರ ಸುಬಾಕ್ಕೆ ಶಿರಾ ಕೇಂದ್ರವಾಯಿತು. ಆ ದರ್ಬಾರು ಈಗ ಎಲ್ಲಿದೆ? ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದವರಿಗೂ ಗೊತ್ತು, ಕಡಿದಾದ ಕಡೆ ಎದೆಯುಬ್ಬಿಸಿ ಹತ್ತಲಾಗದು. ಬಾಗಿದರೆ ಮಾತ್ರ ಮೇಲೆ ಹೋಗಬಹುದು.

ನಮಗೆ ಇನ್ನೂ ಒಂದು ಅಪಾಯವಿದೆ. ದೇವರು ಇಷ್ಟಲಿಂಗವಾಗಿ ನಮ್ಮ ಅಂಗೈಗೆ ಬಂದಿದ್ದಾನೆ. ಅದು ಅವನ ಕರುಣೆ. ಅಂಗೈಯಲ್ಲಿದ್ದಾನೆಂದು ನಮ್ಮ ಹಿಡಿತದಲ್ಲಿದ್ದಾನೆ ಎಂದುಕೊಂಡೆವೋ, ಕೆಟ್ಟೆವು.

ಕಲ್ಲಿನಿಂದ ನನ್ನ ಹೆಸರು ತೆಗೆಯಿರಿ ಎಂದು ಹೇಳಲು ನನಗೆ ಮೂರು ದಿನ ಬೇಕಾಯಿತು. ಹೇಳಿದ ಮೇಲೆ, ಯಾರಾದರೂ "ಎಂಥ ದೊಡ್ಡ ಮನಸ್ಸು" ಎನ್ನುತ್ತಾರೇನೋ ಎಂದು ಕಾಯುತ್ತ ಕುಳಿತಿದ್ದೆ! ನೋಡಿ, ಕಿತ್ತ ಕಡೆಯೇ ಮತ್ತೆ ಚಿಗುರಿತು. ಆದ್ದರಿಂದ ಇದು ಒಂದು ದಿನ ಕಿತ್ತು ಮುಗಿಯುವ ಕಳೆಯಲ್ಲ. ದಿನವೂ ಪೂಜೆಗೆ ಕುಳಿತಾಗ, ಇವತ್ತು ಮಳೆ ಹುಯ್ಯಿಸಿದ್ದು ನಾನಾ ಎಂದು ಒಮ್ಮೆ ಕೇಳಿಕೊಳ್ಳೋಣ.

ಆ ತಾಯಿಯ ಹೆಸರು ನನಗೆ ತಿಳಿಯದು. ನಾನು ಬರೆದುಕೊಳ್ಳಲಿಲ್ಲವಲ್ಲ. ಅವರಿಗೆ ಇಲ್ಲಿಂದಲೇ ಶರಣು ಮಾಡಿ ನನ್ನ ಮಾತು ಮುಗಿಸುತ್ತೇನೆ.