ಗ್ರಂಥಾಲಯದ ಒಳಗೆ ಬಂದರೆ ಓದಬಹುದು

ನಮಗೆ ಇಷ್ಟು ವರ್ಷ ತಾಳ್ಮೆಯಿಂದ ಕನ್ನಡ ಕಲಿಸಿದ ಗುರುಗಳಿಗೆ, ಭಾನುವಾರ ಬೆಳಿಗ್ಗೆಯೂ ನಮ್ಮನ್ನು ಎಬ್ಬಿಸಿ ಕಾರು ಹತ್ತಿಸಿದ ಅಪ್ಪ ಅಮ್ಮಂದಿರಿಗೆ, ಇಂದು ನನ್ನ ಜೊತೆ ಪದವಿ ಪಡೆಯುತ್ತಿರುವ ಗೆಳೆಯರಿಗೆ ನನ್ನ ವಂದನೆಗಳು.

ಈ ದಿನ ಮಾತಾಡುವವರು ಸಾಮಾನ್ಯವಾಗಿ ಕನ್ನಡ ಏಕೆ ಕಲಿಯಬೇಕು ಎಂಬ ವಿಷಯ ಆರಿಸಿಕೊಳ್ಳುತ್ತಾರೆ. ನಾನು ಆರಿಸಿಕೊಂಡಿರುವುದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇ-ಜರ್ನಲ್‌ಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ಓದುವ ಸಂಶೋಧನಾ ಪತ್ರಿಕೆಗಳನ್ನು, ಹೇಗೆ ಓದಬಹುದು ಎಂಬುದನ್ನು. ಇದಕ್ಕೂ ಕನ್ನಡ ಶಾಲೆಗೂ ಏನು ಸಂಬಂಧ ಎಂದು ನಮ್ಮ ಟೀಚರ್ ಕೇಳಿದರು. ಸಂಬಂಧ ಇದೆ. ಆದರೆ ಅದನ್ನು ಹೇಳುವ ಮುಂಚೆ ಒಂದು ಕಾಯಿಲೆಯ ಬಗ್ಗೆ ಹೇಳಬೇಕು.

ಈ ವರ್ಷ ಹೈಸ್ಕೂಲಿನಲ್ಲಿ ನಾವೆಲ್ಲ ಒಂದೊಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ನಾನು ತೆಗೆದುಕೊಂಡ ವಿಷಯ ಮಂಗನ ಕಾಯಿಲೆ. ನನ್ನ ಅಮ್ಮನ ತವರು ಸಾಗರ ತಾಲ್ಲೂಕು. ಅಲ್ಲಿ ಈ ಹೆಸರು ಗೊತ್ತಿಲ್ಲದ ಮನೆ ಇಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜೋರು ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಪತ್ತೆ ಮಾಡಿದರು. ಆ ಕಾಡಿನ ಹೆಸರೇ ಕಾಯಿಲೆಗೂ ಬಂತು. ಹರಡುವುದು ಉಣುಗಿನಿಂದ. ಮಳೆಗಾಲ ಮುಗಿದು ಜನ ಕಾಡಿಗೆ ದರಕು, ಸೊಪ್ಪು, ಸೌದೆ ತರಲು ಹೋಗುವ ತಿಂಗಳುಗಳಲ್ಲೇ ಎಳೆಯ ಉಣುಗುಗಳ ಕಾಟವೂ ಜಾಸ್ತಿ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಏನಾಯಿತೆಂದು ಇಲ್ಲಿರುವ ಮಲೆನಾಡಿನವರಿಗೆ ನೆನಪಿರಬಹುದು.

ವಿಷಯ ಸಿಕ್ಕಿತು, ಓದೋಣ ಎಂದು ಹುಡುಕಿದೆ. ಲೇಖನಗಳ ಹೆಸರುಗಳು ಪುಟಗಟ್ಟಲೆ ಬಂದವು. ಒಂದನ್ನು ಒತ್ತಿದರೆ ಹತ್ತು ಸಾಲಿನ ಸಾರಾಂಶ ಕಾಣಿಸುತ್ತದೆ, ಅದರ ಕೆಳಗೆ ಬೆಲೆ: ಒಂದು ಲೇಖನಕ್ಕೆ 30ರಿಂದ 40 ಡಾಲರ್. ಪುಸ್ತಕಕ್ಕಲ್ಲ, ಎಂಟು ಹತ್ತು ಪುಟದ ಒಂದು ಲೇಖನಕ್ಕೆ. ನನ್ನ ಪಟ್ಟಿಯಲ್ಲಿ ಇಪ್ಪತ್ತು ಲೇಖನಗಳಿದ್ದವು. ಅಪ್ಪ ಮನಸ್ಸಿನಲ್ಲೇ ಗುಣಿಸಿ, "ಬೇರೆ ಕಾಯಿಲೆ ಯಾವುದೂ ಇಲ್ವಾ?" ಎಂದರು.

ಲೇಖನ ಬರೆದ ವಿಜ್ಞಾನಿಗೆ ಈ ಹಣ ಹೋಗುವುದಿಲ್ಲ. ಜರ್ನಲ್‌ಗಳಲ್ಲಿ ಬರೆಯುವವರಿಗೆ ಸಂಭಾವನೆ ಕೊಡುವ ಪದ್ಧತಿ ಇಲ್ಲ. ಲೇಖನ ಸರಿಯಿದೆಯೇ ಎಂದು ಪರೀಕ್ಷಿಸುವ ಇತರ ವಿಜ್ಞಾನಿಗಳೂ ಸಾಮಾನ್ಯವಾಗಿ ಪುಕ್ಕಟೆಯಾಗಿಯೇ ಆ ಕೆಲಸ ಮಾಡುತ್ತಾರೆ. ಸಂಶೋಧನೆಯ ಖರ್ಚನ್ನು ಎಷ್ಟೋ ಸಲ ಸರ್ಕಾರ, ಅಂದರೆ ತೆರಿಗೆ ಕಟ್ಟುವವರೇ ಭರಿಸಿರುತ್ತಾರೆ. ಬೆಲೆ ಹೋಗುವುದು ಪ್ರಕಾಶಕರಿಗೆ.

ದಾರಿ ತೋರಿಸಿದವರು ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿ. ಅವರು ಹೇಳಿದ್ದು ಇಷ್ಟೇ: "ರಾಜ್ಯ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗು. ಅಲ್ಲಿ ಕೂತು ಓದಿದರೆ ದುಡ್ಡಿಲ್ಲ."

ಇದು ಹೇಗೆ ಸಾಧ್ಯ ಎಂದು ನಾನು ಆಮೇಲೆ ತಿಳಿದುಕೊಂಡೆ. ವಿಶ್ವವಿದ್ಯಾಲಯದ ಗ್ರಂಥಾಲಯ ಪ್ರಕಾಶಕರಿಗೆ ವರ್ಷಕ್ಕೆ ಇಷ್ಟು ಎಂದು ಚಂದಾ ಕಟ್ಟುತ್ತದೆ. ಯಾರು ಓದಬಹುದು ಎಂದು ಒಂದು ಕರಾರು ಇರುತ್ತದೆ. ಕ್ಯಾಂಪಸ್ಸಿನಲ್ಲಿರುವ ಕಂಪ್ಯೂಟರುಗಳ ಐಪಿ ವಿಳಾಸಗಳು ಪ್ರಕಾಶಕರ ಬಳಿ ಇರುತ್ತವೆ. ಆ ವಿಳಾಸದಿಂದ ಕೇಳಿದರೆ ಬಾಗಿಲು ತಾನಾಗಿ ತೆರೆಯುತ್ತದೆ, ಬೆಲೆ ಕಾಣಿಸುವುದೇ ಇಲ್ಲ. ವಿದ್ಯಾರ್ಥಿ ಮನೆಯಲ್ಲಿದ್ದರೆ ತನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ಗ್ರಂಥಾಲಯದ ಪ್ರಾಕ್ಸಿ ಮೂಲಕ ಹೋಗುತ್ತಾನೆ. ಆಗ ಅವನು ಕ್ಯಾಂಪಸ್ಸಿನಲ್ಲೇ ಇದ್ದಾನೆ ಎಂದು ಆ ಕಡೆಯವರು ತಿಳಿಯುತ್ತಾರೆ. ನಮ್ಮಂಥವರಿಗೆ ಬೇಕಾದದ್ದು ಕರಾರಿನ ಇನ್ನೊಂದು ಸಾಲು. ಅನೇಕ ಕರಾರುಗಳಲ್ಲಿ ಗ್ರಂಥಾಲಯದ ಒಳಗೆ ನಡೆದು ಬಂದ ಸಾರ್ವಜನಿಕರೂ ಅಲ್ಲೇ ಕೂತು ಓದಬಹುದು ಎಂದು ಬರೆದಿರುತ್ತದೆ. ಅಂಥವರನ್ನು ಇಲ್ಲಿ ವಾಕ್-ಇನ್ ಓದುಗರು ಎನ್ನುತ್ತಾರೆ. ಆ ಸಾಲು ಇದೆ ಎಂದು ಹೊರಗಿನವರಿಗೆ ಯಾರೂ ಡಂಗುರ ಸಾರುವುದಿಲ್ಲ, ಅಷ್ಟೇ.

ಒಂದು ಶನಿವಾರ ಹೋದೆ. ಹದಿನೆಂಟು ತುಂಬದವರ ಜೊತೆ ದೊಡ್ಡವರಿರಬೇಕು ಎಂಬ ನಿಯಮ ಅಲ್ಲಿತ್ತು, ಹಾಗಾಗಿ ಅಪ್ಪನೂ ಬಂದರು. ಗುರುತಿನ ಚೀಟಿ ತೋರಿಸಿದಾಗ ಆ ದಿನದ ಮಟ್ಟಿಗೆ ಅತಿಥಿ ಲಾಗಿನ್ ಕೊಟ್ಟರು. ಮನೆಯಲ್ಲಿ ಬೆಲೆ ಕೇಳಿದ್ದ ಲೇಖನಗಳೆಲ್ಲ ಒಂದೊಂದಾಗಿ ಪೂರ್ತಿ ತೆರೆದುಕೊಂಡವು. ಬೇಕಾದ ಪುಟಗಳನ್ನು ಪಿಡಿಎಫ್ ಮಾಡಿ ನನಗೇ ಈಮೇಲ್ ಮಾಡಿಕೊಂಡೆ. ಕಾಯುತ್ತಾ ಕೂತಿದ್ದ ಅಪ್ಪನಿಗೆ ಬೇಸರವಾಗಿ ಪಕ್ಕದ ಕಂಪ್ಯೂಟರಿನಲ್ಲಿ ಏನೋ ಹುಡುಕಿದರು. 1872ರಲ್ಲಿ ಶುರುವಾದ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆ ಸಿಕ್ಕಿತು. ಅದರಲ್ಲಿ ಜೆ. ಎಫ್. ಫ್ಲೀಟ್ ಅವರು ಪ್ರಕಟಿಸಿದ ಹಳಗನ್ನಡ ಶಾಸನಗಳಿದ್ದವು. ಮುಚ್ಚುವ ಗಂಟೆ ಹೊಡೆದಾಗ ಎದ್ದು ಬರಲು ಒಪ್ಪದವರು ಅವರೇ. ಆ ಹಳೆಯ ಸಂಪುಟಗಳಿಗೆ ಈಗ ಹಕ್ಕುಸ್ವಾಮ್ಯ ಇಲ್ಲ, ಇಂಟರ್ನೆಟ್ ಆರ್ಕೈವ್‌ನಲ್ಲಿ ಮನೆಯಲ್ಲೇ ಓದಬಹುದು ಎಂದು ತಿಳಿದ ಮೇಲೆ ಮನೆಗೆ ಹೊರಟರು.

ಪೋಷಕರಿಗೆ ಉಪಯೋಗವಾಗಲಿ ಎಂದು ನಾನು ಕಲಿತದ್ದನ್ನು ಹೇಳುತ್ತೇನೆ. ಹೋಗುವ ಮುಂಚೆ ಗ್ರಂಥಾಲಯಕ್ಕೆ ಫೋನ್ ಮಾಡಿ. ಖಾಸಗಿ ವಿಶ್ವವಿದ್ಯಾಲಯಗಳು ಎಲ್ಲರನ್ನೂ ಒಳಗೆ ಬಿಡುವುದಿಲ್ಲ, ಸರ್ಕಾರಿಯವು ಸಾಮಾನ್ಯವಾಗಿ ಬಿಡುತ್ತವೆ. ಲೇಖನಗಳ ಪಟ್ಟಿ ಮೊದಲೇ ಮಾಡಿಕೊಳ್ಳಿ. ಹೆಚ್ಚಿನ ಲೇಖನಗಳಿಗೆ ಡಿಓಐ ಎಂಬ ಒಂದು ಸಂಖ್ಯೆ ಇರುತ್ತದೆ, ಅದನ್ನು ಬರೆದುಕೊಂಡರೆ ಹುಡುಕುವ ಸಮಯ ಉಳಿಯುತ್ತದೆ. ಇಡೀ ಸಂಚಿಕೆಯನ್ನೇ ಇಳಿಸಿಕೊಳ್ಳಬೇಡಿ, ಕರಾರಿನಲ್ಲಿ ಅದಕ್ಕೆ ಅವಕಾಶವಿಲ್ಲ. ಕಾಲೇಜಿನಲ್ಲಿರುವ ಅಣ್ಣ ಅಕ್ಕಂದಿರ ಪಾಸ್‌ವರ್ಡ್ ಕೇಳಬೇಡಿ, ತೊಂದರೆಯಾಗುವುದು ಅವರಿಗೆ.

ವಿಶ್ವವಿದ್ಯಾಲಯ ದೂರವಿದ್ದವರಿಗೂ ದಾರಿಗಳಿವೆ. ವೈದ್ಯಕೀಯ ವಿಷಯಕ್ಕೆ ಪಬ್‌ಮೆಡ್ ಸೆಂಟ್ರಲ್ ಇದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 2000ದಲ್ಲಿ ಶುರು ಮಾಡಿದ ಈ ಭಂಡಾರದಲ್ಲಿ ಪೂರ್ತಿ ಲೇಖನಗಳು ಉಚಿತ. ಎನ್‌ಐಎಚ್ ಹಣದಿಂದ ನಡೆದ ಸಂಶೋಧನೆಯ ಲೇಖನಗಳನ್ನು ಮೊದಲು ಒಂದು ವರ್ಷ ತಡೆದಿಡಬಹುದಿತ್ತು. 2025ರ ಜುಲೈ 1ರಿಂದ ಆ ತಡೆ ಇಲ್ಲ. ಭೌತಶಾಸ್ತ್ರ, ಗಣಿತಕ್ಕೆ 1991ರಿಂದ ಆರ್ಕೈವ್ ಎಂಬ ತಾಣವಿದೆ. ಇತಿಹಾಸ, ಸಾಹಿತ್ಯ ಬೇಕಾದವರು ಜೆಸ್ಟೋರ್‌ನಲ್ಲಿ ಹೆಸರು ನೋಂದಾಯಿಸಿದರೆ ತಿಂಗಳಿಗೆ 100 ಲೇಖನಗಳನ್ನು ಪುಕ್ಕಟೆಯಾಗಿ ಓದಬಹುದು. ಊರಿನ ಗ್ರಂಥಾಲಯದ ಮೂಲಕ ಬೇರೆ ಗ್ರಂಥಾಲಯದಿಂದ ತರಿಸಿಕೊಳ್ಳಬಹುದು. ಯಾವುದೂ ಆಗದಿದ್ದರೆ ಲೇಖಕರಿಗೇ ಈಮೇಲ್ ಬರೆಯಬಹುದು. ಅವರ ವಿಳಾಸ ಸಾಮಾನ್ಯವಾಗಿ ಸಾರಾಂಶದ ಪುಟದಲ್ಲೇ ಇರುತ್ತದೆ. ನಾನು ಬರೆದ ಮೂವರಲ್ಲಿ ಇಬ್ಬರು ಪ್ರತಿ ಕಳಿಸಿದರು. ಒಬ್ಬರು ನನ್ನ ಅಜ್ಜನ ಊರು ಯಾವುದೆಂದೂ ಕೇಳಿದರು.

ಚಂದಾ ಕಟ್ಟುವುದು ದೊಡ್ಡ ಸಂಸ್ಥೆಗಳಿಗೂ ಸುಲಭವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಎಲ್ಸೆವಿಯರ್ ಪ್ರಕಾಶನದ ಚಂದಾ ನಿಲ್ಲಿಸಿತು. ತಮ್ಮ ಪ್ರಾಧ್ಯಾಪಕರು ಬರೆದದ್ದನ್ನು ಎಲ್ಲರೂ ಉಚಿತವಾಗಿ ಓದುವಂತಾಗಬೇಕು ಎಂಬುದು ಅವರ ಮುಖ್ಯ ಬೇಡಿಕೆ. ಹೊಸ ಒಪ್ಪಂದ ಆಗಿದ್ದು 2021ರಲ್ಲಿ. ಭಾರತದಲ್ಲಿ ಸರ್ಕಾರ ಇಡೀ ದೇಶಕ್ಕೆ ಒಂದೇ ಚಂದಾ ಎಂಬ ಯೋಜನೆಗೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಶಿವಮೊಗ್ಗದ ಸರ್ಕಾರಿ ಕಾಲೇಜಿನಲ್ಲಿ ಓದುವ ನನ್ನ ದೊಡ್ಡಮ್ಮನ ಮಗನಿಗೆ ಇದನ್ನು ಹೇಳಿದಾಗ ಅವನು ತನ್ನ ಕಾಲೇಜಿನ ಲೈಬ್ರರಿಯಲ್ಲಿ ವಿಚಾರಿಸಿದ. ಈಗ ನಾನು ಬಸ್ಸು, ಕಾರು ಹಿಡಿದು ಹೋಗಿ ಓದುವುದನ್ನು ಅವನು ಕೂತಲ್ಲೇ ಓದುತ್ತಾನೆ. ಆದರೆ ಆ ಯೋಜನೆ ಇರುವುದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ದರಕು ತರಲು ಕಾಡಿಗೆ ಹೋಗುವ ಮನುಷ್ಯನಿಗಲ್ಲ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ.

ನಾನು ಏನು ಬರೆಯುತ್ತಿದ್ದೇನೆ ಎಂದು ಅಜ್ಜನಿಗೆ ಫೋನಿನಲ್ಲಿ ಹೇಳಿದಾಗ ಅವರು ಒಂದು ಪ್ರಶ್ನೆ ಕೇಳಿದರು. "ಆಗ ಇಂಜೆಕ್ಷನ್ ಕೊಡ್ತಿದ್ರಲ್ಲ, ನಾವು ಎರಡು ಸಲ ಹಾಕಿಸ್ಕೊಂಡ್ವಿ. ನೋವು ತಡಿಯಕ್ಕಾಗ್ದೆ ಮೂರನೇದು ಬಿಟ್ವಿ. ಅದ್ರಿಂದ ಏನಾದ್ರೂ ಉಪಯೋಗ ಇತ್ತಾ? ಪುಸ್ತಕದಲ್ಲಿ ಏನು ಬರ್ದಿದಾರೆ ನೋಡು."

ನೋಡಿದೆ. ಉತ್ತರ ಇತ್ತು. ಕರ್ನಾಟಕದಲ್ಲಿ 2005ರಿಂದ 2010ರವರೆಗೆ ಲಸಿಕೆ ಎಷ್ಟು ಕೆಲಸ ಮಾಡಿತು ಎಂದು ಅಧ್ಯಯನ ಮಾಡಿದ ಲೇಖನ 2013ರಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಪತ್ರಿಕೆಯಲ್ಲೇ ಬಂದಿದೆ. ಪರಿಣಾಮ ಎರಡು ಡೋಸಿಗೆ ಶೇಕಡಾ 62.4, ಮೂರನೆಯ ಬೂಸ್ಟರ್ ಡೋಸನ್ನೂ ಪಡೆದವರಲ್ಲಿ ಶೇಕಡಾ 82.9. ಬೀಗವಿಲ್ಲ, ಬೆಲೆಯಿಲ್ಲ, ಅಜ್ಜನ ಮೊಬೈಲಿನಲ್ಲೇ ತೆರೆಯುತ್ತದೆ. ಆದರೂ ಅದು ಅಜ್ಜನನ್ನು ತಲುಪಿರಲಿಲ್ಲ, ಏಕೆಂದರೆ ಅದು ಇಂಗ್ಲಿಷಿನಲ್ಲಿದೆ.

ನಾನು ಮೊದಲು "ಪರಿಣಾಮಕಾರಿತ್ವ" ಎಂಬ ದೊಡ್ಡ ಪದ ಹುಡುಕಿ ಇಟ್ಟುಕೊಂಡಿದ್ದೆ. ಅದು ಅಜ್ಜನ ಮಾತಲ್ಲ ಎಂದು ಬಿಟ್ಟೆ. ಹೀಗೆ ಹೇಳಿದೆ: "ಅಜ್ಜ, ಹಾಕಿಸ್ಕೊಳ್ಳದೇ ಇದ್ದವರಲ್ಲಿ ಹತ್ತು ಜನಕ್ಕೆ ಬರೋ ಕಡೆ, ಎರಡು ಸಲ ಹಾಕಿಸ್ಕೊಂಡಿದ್ರೆ ಸುಮಾರು ನಾಲ್ಕು ಜನಕ್ಕೆ ಬರುತ್ತೆ. ಮೂರನೇದೂ ಆಗಿದ್ರೆ ಎರಡಕ್ಕಿಂತ ಕಡಿಮೆ." ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದನ್ನ ಆಗ್ಲೇ ಯಾರಾದ್ರೂ ಹಿಂಗೆ ಹೇಳಿದ್ರೆ ಊರಲ್ಲಿ ಮೂರನೇದು ಯಾರೂ ಬಿಡ್ತಿರಲಿಲ್ಲ" ಎಂದರು.

ಆ ಲಸಿಕೆಯನ್ನು ಈಗ ಕೊಡುತ್ತಿಲ್ಲ. ಹೊಸದರ ಕೆಲಸ ನಡೆಯುತ್ತಿದೆ. ಅದು ಬಂದಾಗಲೂ ಅದರ ಬಗ್ಗೆ ಮೊದಲು ಬರೆಯುವುದು ಯಾವುದೋ ಜರ್ನಲ್‌ನಲ್ಲಿ, ಇಂಗ್ಲಿಷಿನಲ್ಲಿ. ಅದನ್ನು ಓದಬಲ್ಲವರು, ಓದಿ ದರಕು ತರುವವರಿಗೆ ಅವರ ಮಾತಿನಲ್ಲೇ ಹೇಳಬಲ್ಲವರು ಬೇಕು. ಎರಡೂ ಬರುವವರು ತುಂಬಾ ಜನ ಇಲ್ಲ. ಈ ಕೋಣೆಯಲ್ಲಿ ಇಂದು ಪದವಿ ಪಡೆಯುತ್ತಿರುವ ನಾವು ಅಂಥವರು. ಒಂದನ್ನು ಹೈಸ್ಕೂಲು ಕಲಿಸಿತು, ಇನ್ನೊಂದನ್ನು ನೀವು ಕಲಿಸಿದಿರಿ. ನನಗೆ ಒತ್ತಕ್ಷರ ತಪ್ಪಿದಾಗಲೆಲ್ಲ ಹತ್ತು ಸಲ ಬರೆಸಿದ ಟೀಚರ್ ಇಲ್ಲೇ ಮುಂದೆ ಕೂತಿದ್ದಾರೆ. ಅಜ್ಜನ ಪ್ರಶ್ನೆಗೆ ಉತ್ತರ ಕೊಟ್ಟಿದ್ದರಲ್ಲಿ ಅವರ ಪಾಲೂ ಇದೆ.

ಹಾಗಾಗಿ ನಮ್ಮ ಶಾಲೆಗೆ ಎರಡು ಕೋರಿಕೆ. ಒಂದು, ವರ್ಷಕ್ಕೊಮ್ಮೆ ದೊಡ್ಡ ತರಗತಿಯ ಮಕ್ಕಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗೋಣ. ಕಾರು ಓಡಿಸಲು ಪೋಷಕರು ಬೇಕು, ಖರ್ಚು ಪಾರ್ಕಿಂಗ್‌ಗೆ ಮಾತ್ರ. ಎರಡು, ಮೇಲಿನ ತರಗತಿಯ ಕೊನೆಯ ಪರೀಕ್ಷೆಯಲ್ಲಿ ಪ್ರಬಂಧದ ಬದಲು ಇದನ್ನು ಇಡೋಣ: ಊರಿನಲ್ಲಿರುವ ಒಬ್ಬ ಹಿರಿಯರನ್ನು ಅವರಿಗೆ ಏನು ತಿಳಿಯಬೇಕಾಗಿದೆ ಎಂದು ಕೇಳುವುದು, ಅದರ ಬಗ್ಗೆ ಒಂದು ಲೇಖನ ಹುಡುಕಿ ಓದುವುದು, ಹತ್ತು ನಿಮಿಷ ಕನ್ನಡದಲ್ಲಿ ಅವರಿಗೆ ವಿವರಿಸುವುದು. ಅಡಿಕೆಯ ಕೊಳೆರೋಗ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಊರ ದೇವಸ್ಥಾನದ ಶಾಸನ ಇರಬಹುದು. ಅವರಿಗೆ ಅರ್ಥವಾದರೆ ಪಾಸು. ಅಂಕ ಕೊಡುವುದೂ ಅವರೇ.

ಮುಂದಿನ ವರ್ಷ ಗ್ರಂಥಾಲಯದ ಭೇಟಿಗೆ ಚಿಕ್ಕವರ ಜೊತೆ ಬರಲು ನಾನು ಸಿದ್ಧ. ಅಪ್ಪನೂ ಬರುತ್ತಾರಂತೆ, ಕೇಳುವ ಮುಂಚೆಯೇ ಹೇಳಿದ್ದಾರೆ.

ಜೈ ಕರ್ನಾಟಕ.